ಬಂಗಿಗೆ 20% ಅಜೆಲಾಯಿಕ್ ಆಸಿಡ್ ಕ್ರೀಮ್: ಎರಡು ಬೇಸಿಗೆ ಕಳೆದ ಮೇಲೆ

ಬೆಳ್ಳಗಾಗಬೇಕು ಅಂತ ಈ ಕ್ರೀಮ್ ಹುಡುಕುತ್ತಿದ್ದರೆ ದುಡ್ಡು ಉಳಿಸಿಕೊಳ್ಳಿ. ಆ ಕೆಲಸ ಇದರದ್ದಲ್ಲ. ಕೆನ್ನೆ ಮೇಲಿನ ಬಂಗು ಸುತ್ತಲಿನ ಬಣ್ಣಕ್ಕೆ ಹತ್ತಿರ ಬಂದರೆ ಸಾಕು ಅನ್ನುವವರಿಗೆ ಮಾತ್ರ ಐದಕ್ಕೆ ನಾಲ್ಕು ಕೊಡುತ್ತೇನೆ.

ನಾನು ಬೀಜದ ಕಂಪನಿಯ ಫೀಲ್ಡ್ ಕೆಲಸದವನು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಟೊಮೆಟೊ ತೋಟಗಳನ್ನು ಬೈಕಿನಲ್ಲಿ ಸುತ್ತುವುದೇ ದಿನದ ಕೆಲಸ. ಮೈಬಣ್ಣ ಕಪ್ಪು, ಅದರ ಬಗ್ಗೆ ತಕರಾರಿಲ್ಲ. ಆದರೆ ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಬಂಗು ಹರಡಿದಾಗ "ಯಾಕಣ್ಣ, ಮೈಗೆ ಹುಷಾರಿಲ್ವಾ?" ಅಂತ ಕೇಳುವವರು ಜಾಸ್ತಿಯಾದರು. ಬಂಗು ಅಂದರೆ ಹೆಂಗಸರಿಗೆ ಬರುವುದು ಅಂತ ನಮ್ಮ ಕಡೆ ನಂಬಿಕೆ. ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಜಾಸ್ತಿ ನಿಜ. ಬಿಸಿಲಲ್ಲಿ ದುಡಿಯುವ ಗಂಡಸರನ್ನೂ ಅದು ಬಿಡುವುದಿಲ್ಲ. ಚರ್ಮದ ಡಾಕ್ಟರಿಗೆ ತೋರಿಸಿದೆ, ಇದನ್ನು ಬರೆದುಕೊಟ್ಟರು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಯಾಕೆ ಇಷ್ಟು ನಿಧಾನ ಅನ್ನುವುದೂ ತಿಳಿಯುತ್ತದೆ. ಚರ್ಮದ ಬಣ್ಣ ಮೆಲನಿನ್‌ನಿಂದ ಬರುತ್ತದೆ. ಅದನ್ನು ತಯಾರಿಸುವ ಜೀವಕೋಶಗಳು ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ. ನಮ್ಮಲ್ಲಿ ಅವು ದೊಡ್ಡ ಕಾಳುಗಳನ್ನು, ಜಾಸ್ತಿ ಬಣ್ಣವನ್ನು ತಯಾರಿಸುತ್ತವೆ, ಅಷ್ಟೇ ವ್ಯತ್ಯಾಸ. ಈ ತಯಾರಿಕೆಗೆ ಟೈರೋಸಿನೇಸ್ ಅನ್ನುವ ಕಿಣ್ವ ಬೇಕು. ತೋಟದ ಡ್ರಿಪ್ ನೀರಾವರಿ ಲೆಕ್ಕದಲ್ಲಿ ಹೇಳುವುದಾದರೆ ಆ ಕಿಣ್ವವೇ ಮೋಟಾರು. ಕಲೆಗೆ ಹಚ್ಚುವ ಹೈಡ್ರೊಕ್ವಿನೋನ್, ಕೋಜಿಕ್ ಆಸಿಡ್, ಅಜೆಲಾಯಿಕ್ ಆಸಿಡ್ ಇವೆಲ್ಲ ಮೋಟಾರಿನ ಹತ್ತಿರವೇ ಕೈ ಹಾಕುತ್ತವೆ. ನಯಾಸಿನಮೈಡ್ ಮೋಟಾರ್ ಮುಟ್ಟುವುದಿಲ್ಲ. ತಯಾರಾದ ಬಣ್ಣ ಮೇಲಿನ ಪದರಕ್ಕೆ ಹರಿಯುವ ಪೈಪನ್ನು ಹಿಚುಕುತ್ತದೆ. ಯಾವುದನ್ನೇ ಹಚ್ಚಿದರೂ ಆಗಲೇ ಮೇಲೆ ಬಂದ ಬಣ್ಣ ಉದುರಬೇಕಲ್ವಾ? ಅದಕ್ಕೇ ತಿಂಗಳುಗಟ್ಟಲೆ ಕಾಯಬೇಕು. ಏಳು ದಿನದಲ್ಲಿ ಹೊಳಪು ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಅಜೆಲಾಯಿಕ್ ಆಸಿಡ್‌ನಲ್ಲಿ ನನಗೆ ಹಿಡಿಸಿದ ಗುಣ ಎಂದರೆ ಅದು ಅತಿಯಾಗಿ ದುಡಿಯುತ್ತಿರುವ ಕೋಶಗಳನ್ನೇ ಹೆಚ್ಚು ತಡೆಯುತ್ತದೆ, ಸರಿಯಾಗಿರುವುದರ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಬಂಗಿನ ಸುತ್ತ ಬಿಳಿ ಉಂಗುರ ಬೀಳಲಿಲ್ಲ.

ಹೈಡ್ರೊಕ್ವಿನೋನ್ ಇದಕ್ಕಿಂತ ಹಳೆಯದು, ಜೋರಾದದ್ದು. ಡಾಕ್ಟರ ಕಣ್ಣಳತೆಯಲ್ಲಿ ಕೆಲವು ತಿಂಗಳು ಹಚ್ಚಿದರೆ ಒಳ್ಳೆಯ ಔಷಧಿಯೇ. ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ನೀಲಿಗಪ್ಪು ಕಲೆ ಕೂರುತ್ತದೆ, ಆಮೇಲೆ ಅದನ್ನು ತೆಗೆಯುವುದು ಬಲು ಕಷ್ಟ. ಓಕ್ರೊನೋಸಿಸ್ ಅನ್ನುತ್ತಾರೆ. 1975ರಲ್ಲಿ ದಕ್ಷಿಣ ಆಫ್ರಿಕಾದ ಕಪ್ಪು ಚರ್ಮದವರಲ್ಲಿ ಇದನ್ನು ಮೊದಲು ಗುರುತಿಸಿದರು. ಕಪ್ಪು ಹೋಗಲಿ ಅಂತ ಹಚ್ಚಿದ್ದೇ ಕಪ್ಪು ತಂದಿತು.

ಅದಕ್ಕಿಂತ ನನಗೆ ಭಯ ಮೂರು ಸೇರಿಸಿದ ಕ್ರೀಮುಗಳದ್ದು. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್. ನನ್ನ ನಾದಿನಿಗೆ ಮದುವೆಗೆ ಮುಂಚೆ ಒಂದು ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಇದನ್ನು ಕೈಗಿಟ್ಟಿದ್ದರು. ಮೊದಲು ಮುಖ ತಿಳಿಯಾಯಿತು, ಮನೆಯವರೆಲ್ಲ ಹೊಗಳಿದರು. ಕ್ರಮೇಣ ಚರ್ಮ ತೆಳ್ಳಗಾಗಿ, ಬಿಸಿಲಿಗೆ ಹೋದರೆ ಉರಿ, ಮೊಡವೆ, ಕೆನ್ನೆ ಮೇಲೆ ಕೂದಲು. ಬಿಟ್ಟರೆ ಮುಖ ಕೆಂಪಾಗಿ ಊದಿಕೊಳ್ಳುತ್ತಿತ್ತು, ಹಚ್ಚಿದರೆ ಮತ್ತೆ ಸುಮ್ಮನಾಗುತ್ತಿತ್ತು. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಕೌಂಟರಿನಲ್ಲಿ ಅದನ್ನು ಕೇಳುವವರು ಯಾರು?

ಲೇಬಲ್‌ನಲ್ಲಿ ಏನಿದೆ ಅಂತಲೇ ಬರೆಯದ ಡಬ್ಬಿಗಳನ್ನಂತೂ ಮುಟ್ಟಬೇಡಿ. ಕೆಜಿಎಫ್‌ನಲ್ಲಿ ಒಂದು ಕಾಲಕ್ಕೆ ಚಿನ್ನ ಹಿಡಿಯಲು ಬಳಸುತ್ತಿದ್ದ ಪಾದರಸವೇ ಕೆಲವು ಬಿಳುಪಿನ ಕ್ರೀಮುಗಳಲ್ಲಿ ಇರುತ್ತದೆ. ಅದೂ ಅದೇ ಕಿಣ್ವವನ್ನು ತಡೆಯುತ್ತದೆ, ಆದರೆ ಚರ್ಮದಿಂದ ಒಳಗೆ ಇಳಿದು ಕಿಡ್ನಿ ಕೆಡಿಸುತ್ತದೆ. ಕೇರಳದ ಮಲಪ್ಪುರಂನಲ್ಲಿ ಇಂಥ ಕಿಡ್ನಿ ತೊಂದರೆಗಳನ್ನು ಡಾಕ್ಟರುಗಳು ಫೇರ್‌ನೆಸ್ ಕ್ರೀಮಿಗೆ ಗಂಟುಹಾಕಿದ್ದು 2023ರಲ್ಲಿ ಸುದ್ದಿಯಾಗಿತ್ತು.

ಇನ್ನು ಬಳಕೆ. ಕ್ರೀಮು ದಪ್ಪ, ಬೇಗ ಹರಡುವುದಿಲ್ಲ. ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಬೇಕು, ಇಲ್ಲದಿದ್ದರೆ ಚುರುಚುರು ಅನ್ನುತ್ತದೆ. ಶುರುವಿನ ವಾರಗಳಲ್ಲಿ ಹೇಗಿದ್ದರೂ ತುರಿಕೆ ಇರುತ್ತದೆ. ಶೇವ್ ಮಾಡಿದ ದಿನವಂತೂ ದವಡೆ ಹತ್ತಿರ ಹಚ್ಚುವುದನ್ನೇ ಬಿಟ್ಟೆ. ಉರಿ ತಡೆದುಕೊಂಡರೆ ಬೇಗ ಗುಣ ಅನ್ನುವ ಲೆಕ್ಕ ನಮ್ಮ ಬಣ್ಣದವರಿಗೆ ಹೊಂದುವುದಿಲ್ಲ. ಕಪ್ಪು ಚರ್ಮ ಎಲ್ಲಿ ಕೆರಳಿತೋ ಅಲ್ಲೇ ಹೊಸ ಕಲೆ ಉಳಿಸುತ್ತದೆ. ನಿಂಬೆರಸ, ಅಡುಗೆ ಸೋಡಾ ಹಚ್ಚಿದವರ ಕತೆಯೂ ಅದೇ. ಅದಕ್ಕೇ ದಿನ ಬಿಟ್ಟು ದಿನ, ಸ್ವಲ್ಪವೇ ಹಚ್ಚಿ ಶುರು ಮಾಡಿದೆ. ಬೆಳಿಗ್ಗೆ ಹಚ್ಚಿ ತಕ್ಷಣ ಸನ್‌ಸ್ಕ್ರೀನ್ ಬಳಿದರೆ ಎರಡೂ ಸೇರಿ ಉಂಡೆ ಉಂಡೆಯಾಗಿ ಉದುರುತ್ತದೆ, ಹಾಗಾಗಿ ರಾತ್ರಿಗೇ ಇಟ್ಟುಕೊಂಡೆ.

ಮೊದಲ ಬೇಸಿಗೆಯಲ್ಲಿ ಶುರು ಮಾಡಿದ್ದು, ಗೌರಿ ಹಬ್ಬದ ಹೊತ್ತಿಗೆ ಬಂಗಿನ ಅಂಚು ಒಡೆದು ತೇಪೆ ತೇಪೆಯಾಯಿತು. ಚಳಿಗಾಲಕ್ಕೆ ಮೂಗಿನ ಮೇಲಿನದು ಹೋಯಿತು. ಕೆನ್ನೆಯದು ಅರ್ಧಕ್ಕಿಂತ ಜಾಸ್ತಿ ತಿಳಿಯಾಯಿತು. ಮೊಡವೆಯೂ ಕಮ್ಮಿ, ಅದು ಬೋನಸ್. ಎರಡನೇ ಬೇಸಿಗೆಯಲ್ಲಿ, ಮಾವಿನ ಕಾಲಕ್ಕೆ, ಕೆನ್ನೆಯದು ಸ್ವಲ್ಪ ವಾಪಸ್ ಬಂತು. ಡಾಕ್ಟರು ಮೊದಲೇ ಹೇಳಿದ್ದರು, ಬಂಗು ಬೇರುಸಹಿತ ಹೋಗುವ ಕಾಯಿಲೆ ಅಲ್ಲ ಅಂತ. ಒಂದು ಅಂಕ ಕತ್ತರಿಸಿದ್ದು ಆ ತುರಿಕೆಗೆ, ಈ ನಿಧಾನಕ್ಕೆ.

ಸನ್‌ಸ್ಕ್ರೀನ್ ಇಲ್ಲದೆ ಈ ಕ್ರೀಮ್ ಹಚ್ಚುವುದು ದಂಡ. ಕಪ್ಪು ಚರ್ಮದಲ್ಲಿ ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢ ಮಾಡುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಬೇಕು. ನಮ್ಮ ಮುಖಕ್ಕೆ ಹೊಂದುವ ಬಣ್ಣ ಸಿಗುವುದೇ ಕಷ್ಟ, ಸಿಕ್ಕಿದ್ದೆಲ್ಲ ಗೋಧಿಬಣ್ಣದವರಿಗೆ ಮಾಡಿದ್ದು. ನಾನು ಎರಡು ಶೇಡ್ ಬೆರೆಸಿ ಹಚ್ಚುತ್ತೇನೆ. ತೋಟಕ್ಕೆ ಇಳಿದ ಮೇಲೆ ಬೆವರಿಗೆ ಅದೂ ನಿಲ್ಲುವುದಿಲ್ಲ, ಆಗ ಅಗಲ ಅಂಚಿನ ಟೋಪಿಯೇ ಗತಿ.

ಬಸುರಿಯರು, ಹಾಲುಣಿಸುವವರು ಏನೇ ಹಚ್ಚುವ ಮುಂಚೆ ಡಾಕ್ಟರನ್ನು ಕೇಳಿ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಬೇಡ ಅನ್ನುತ್ತಾರೆ, ಅಜೆಲಾಯಿಕ್‌ಗೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅಂಗಡಿಯಲ್ಲಿ 10% ಕೂಡ ಸಿಗುತ್ತದೆ, ಚರ್ಮ ಬೇಗ ಕೆರಳುವವರು ಅಲ್ಲಿಂದ ಶುರು ಮಾಡಬಹುದು. ಟ್ಯೂಬಿನ ಮೇಲೆ ಅಂಕಿ ನೋಡಿಯೇ ತೆಗೆದುಕೊಳ್ಳಿ, ಎರಡರ ಡಬ್ಬಿಯೂ ನೋಡಲು ಒಂದೇ ಥರ ಇರುತ್ತದೆ.