ಕಲಬುರಗಿ ಬಿಸಿಲಾಗ ಎರಡು ದೊಡ್ಡ ಹೆಡ್‌ಫೋನ್: ಸೋನಿ ಎಕ್ಸ್‌ಎಂ4, ಆಡಿಯೋ ಟೆಕ್ನಿಕಾ ಎಂ50ಎಕ್ಸ್

ಅಂಗಡ್ಯಾಗ ಹೆಡ್‌ಫೋನ್ ಕೇಳಿ ನೋಡ್ತೀನಿ ಅಂದ್ರ ಸಾಕು, ಅವ್ರು ಹಚ್ಚೋದು ಒಂದೇ ನಮೂನಿ ಹಾಡು, ಢಬ್ ಢಬ್ ಬೀಟ್ ಇರೋದು. ಅಂಥಾದ್ರಾಗ ಐನೂರು ರೂಪಾಯಿದು ಬಿ ಮಸ್ತ್ ಕೇಳಸ್ತದ, ಮೂವತ್ತು ಸಾವಿರದ್ದು ಬಿ ಮಸ್ತ್ ಕೇಳಸ್ತದ. ನಮ್ ಕಡಿ ಮಂದಿ ಮನ್ಯಾಗ ಕೇಳೋದೇನು? ಮುಂಜಾನಿ ವಚನ, ಭಜನಿ, ತತ್ವಪದ, ಕೆಲವೊಬ್ರು ಹಿಂದೂಸ್ತಾನಿ, ಕೆಲವೊಬ್ರು ಕವ್ವಾಲಿ, ಆಮ್ಯಾಲ ಸಿನಿಮಾ ಹಾಡು. ಇದ್ರಾಗೆಲ್ಲಾ ದನಿನೇ ಮುಂದ ಇರ್ಬೇಕು, ಉಳದದ್ದು ಅದ್ರ ಹಿಂದ. ಅದಕ್ಕ ಈ ರಿವ್ಯೂನ್ಯಾಗ ಬೇಸ್ ಎಷ್ಟು ಗುದ್ತದ ಅನ್ನೋದು ಕಡಿಮಿ, ಹಾಡೋರ ದನಿ ಹೆಂಗ ಬರ್ತದ ಅನ್ನೋದು ಜಾಸ್ತಿ ಇರ್ತದ.

ನನ್ ಹತ್ರ ಇರೋವು ಎರಡು. ಒಂದು ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ4, 2020ರಾಗ ಬಂದದ್ದು, ಆಗ ನಮ್ ದೇಶದಾಗ ಇದ್ರ ರೇಟ್ 29,990 ಇತ್ತು, ಈಗ ಸೇಲ್ ಟೈಮಿನ್ಯಾಗ ಭಾಳ ಕೆಳಗ ಇಳೀತದ. ಬ್ಲೂಟೂತ್, ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದು ಕಡಿಮಿ ಮಾಡೋದು) ಎಲ್ಲಾ ಅದ, 254 ಗ್ರಾಂ. ಇನ್ನೊಂದು ಆಡಿಯೋ ಟೆಕ್ನಿಕಾದ ಎಟಿಎಚ್-ಎಂ50ಎಕ್ಸ್, 2014ರ ಮಾಲು, ಬರೇ ವೈರ್‌ದು, ಬ್ಯಾಟರಿ ಇಲ್ಲ ಏನಿಲ್ಲ, 285 ಗ್ರಾಂ, ಸ್ಟುಡಿಯೋದಾಗ ಕೂತು ಕೆಲಸ ಮಾಡೋರ ಸಲುವಾಗಿ ಮಾಡಿದ್ದು ಖರೇ ಆದ್ರ ಮಡಚಿ ಚೀಲದಾಗ ಹಾಕ್ಕೋಬಹುದು. ಎರಡೂ ಕಿವಿ ಪೂರಾ ಮುಚ್ತಾವ, ಎರಡೂ ಮಡಚ್ತಾವ. ಬಸ್ಸಿನ್ಯಾಗ ತಿರುಗೋರಿಗ ಮಡಚೋದು ಸಣ್ಣ ಮಾತಲ್ಲ, ಸೋನಿದೇ ಮುಂದಿನ ಎಕ್ಸ್‌ಎಂ5 ಬರೇ ತಿರುಗ್ತದ, ಒಳಗ ಮಡಚಂಗಿಲ್ಲ, ಅದ್ರ ಡಬ್ಬಿ ಇಟ್ರ ಬ್ಯಾಗಿನ್ಯಾಗ ರೊಟ್ಟಿ ಗಂಟಿಗ ಜಾಗ ಉಳಿಯಂಗಿಲ್ಲ. ಎಕ್ಸ್‌ಎಂ6ದಾಗ ಮಡಚೋದು ವಾಪಸ್ ತಂದಾರ.

ಮೊದ್ಲು ಸದ್ದು ಕಡಿಮಿ ಮಾಡೋ ವಿಷಯ ಹೇಳ್ತೀನಿ, ಯಾಕಂದ್ರ ಎಕ್ಸ್‌ಎಂ4 ತಗೊಳ್ಳೋರೆಲ್ಲಾ ಅದಕ್ಕೇ ತಗೋತಾರ. ಹೊರಗಿನ ಸದ್ದು ಮೈಕ್ ಹಿಡೀತದ, ಒಳಗ ಅದ್ರ ಉಲ್ಟಾ ಸದ್ದು ಹುಟ್ಟಸ್ತದ, ಎರಡೂ ಕೂಡಿ ಒಂದಕ್ಕೊಂದು ಕಟ್ ಆಗ್ತಾವ. ಇದು ನಡಿಯೋದು ಒಂದೇ ಸಮನ ಬರೋ ಕೆಳಗಿನ ಸದ್ದಿನ ಮ್ಯಾಲ. ಹುಮನಾಬಾದ್ ಮ್ಯಾಲ ಹಾದು ಬೀದರ್‌ಕ್ಕ ಹೋಗೋ ಸರ್ಕಾರಿ ಬಸ್ಸಿನ್ಯಾಗ ಎಂಜಿನ್ ಬಾಜೂಕ ಕೂತು ಹಾಕ್ಕೊಂಡ್ರ ಆ ಡೀಸೆಲ್ ಘರ್ರ್ ಅನ್ನೋದು ಒಮ್ಮೆಲೇ ಹಿಂದಕ್ಕ ಹೋಗ್ತದ, ಅವಾಗ ಗೊತ್ತಾಗ್ತದ ನೋಡ್ರಿ ಇಷ್ಟೊತ್ತು ತಲಿ ಮ್ಯಾಲ ಎಷ್ಟು ಭಾರ ಕೂತಿತ್ತು ಅಂತ. ಆದ್ರ ಸಡ್ಲ ಕಿಟಕಿ ಗ್ಲಾಸ್ ಗಡಗಡ ಅನ್ನೋದು, ಕಂಡಕ್ಟರ್ ಸೀಟಿ, ಹಿಂದಿನ ಸೀಟಿನ ಕೂಸಿನ ಅಳು, ಇವೆಲ್ಲಾ ಬರ್ತಾವ, ಜರಾ ತೆಳ್ಳಗಾಗಿ ಬರ್ತಾವ ಅಷ್ಟೇ. ಪೂರಾ ಸೈಲೆಂಟ್ ಆಗ್ತದ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಬೀದರ್ ಟ್ರೇನಿನ್ಯಾಗ ಬಿ ಹಾಕ್ಕೊಂಡು ನೋಡೀನಿ, 2017ರಾಗ ಚಾಲೂ ಆದ ಲೈನ್ ಅಲಾ, ಅದ್ರಾಗ ಮರಗುತ್ತಿ ಹತ್ರ ಸುರಂಗ ಬರ್ತದ. ಟ್ರೇನ್ ಸುರಂಗದಾಗ ನುಗ್ಗಿದ ಕೂಡ್ಲೇ ಗಾಲಿ ಸದ್ದು ನಾಕು ಕಡಿಯಿಂದ ಗೋಡಿಗ ಬಡದು ವಾಪಸ್ ಬರ್ತದ, ಅಲ್ಲಿ ಎಕ್ಸ್‌ಎಂ4 ಕೆಳಗಿನ ಗುಂಯ್ ಅನ್ನೋದು ನುಂಗ್ತು, ಮ್ಯಾಲಿನ ಕಬ್ಬಿಣ ತಿಕ್ಕೋ ಕಿರ್ರ್ ಹಂಗೇ ಉಳೀತು, ಆದ್ರೂ ವಾಲ್ಯೂಮ್ ಏರಸೋ ಜರೂರತ್ ಬೀಳಲಿಲ್ಲ. ಕಿವಿ ಉಳೀಬೇಕಂದ್ರ ಇದೇ ಅಸಲಿ ಫಾಯ್ದಾ. ಸಾದಾ ಇಯರ್‌ಫೋನ್ ಹಾಕ್ಕೊಂಡೋರು ಅಲ್ಲಿ ಪೂರಾ ವಾಲ್ಯೂಮ್ ಇಟ್ಟು ಕೂಡ್ತಾರ.

ಮನ್ಯಾಗ ಇದ್ರ ಕೆಲಸ ಕೂಲರ್ ಜೋಡಿ. ಮಾರ್ಚ್‌ದಿಂದ ಜೂನ್ ತನಕ ಕೂಲರ್ ಬಂದ್ ಆಗೋದು ಕರೆಂಟ್ ಹೋದ್ರ ಮಾತ್ರ. ಕೂಲರ್ ಮೋಟರ್ ಸದ್ದು ಪೂರಾ ಮಾಯ ಆಗ್ತದ, ಹುಲ್ಲಿನ ಮ್ಯಾಲ ನೀರು ಟಪಟಪ ಬೀಳೋದು ಮಾತ್ರ ಕೇಳಸ್ತದ, ಅದೊಂಥರಾ ಚೊಲೋನೇ ಅನಸ್ತದ.

ಈಗ ಹಾಡಿಗ ಬರೋಣ. ಎಕ್ಸ್‌ಎಂ4 ಡಬ್ಬಿಯಿಂದ ತೆಗದು ಹಂಗೇ ಕೇಳಿದ್ರ ಬೇಸ್ ಜಾಸ್ತಿ, ಭಾಳ ಜಾಸ್ತಿ. ತಬಲಾದ ಡಗ್ಗಾ ಊದಿಕೊಂಡು ಬರ್ತದ, ಅಂಗೈ ಒತ್ತಿ ಜಗ್ಗೋ ಆ ಘುಂಕಾರ ಇರ್ತದಲ್ಲ, ಅದು ಚಂದ ಕೇಳಸೋದು ಖರೇ, ಆದ್ರ ಅದು ಹಾಡೋರ ಮ್ಯಾಲ ಬಂದು ಕೂಡ್ತದ. ನಾ ಎಲ್ಲಾ ಹೆಡ್‌ಫೋನಿಗೂ ಹಚ್ಚೋ ಪರೀಕ್ಷಾ ಅಂದ್ರ ಗಂಗೂಬಾಯಿ ಹಾನಗಲ್ ಅವರ ದನಿ. ಅಷ್ಟು ಕೆಳಗಿನ, ಅಷ್ಟು ಗಟ್ಟಿ ಹೆಣ್ಣು ದನಿ ಇನ್ನೊಂದಿಲ್ಲ, ಅದ್ರ ಎದಿ ಭಾಗ ಎಲ್ಲಾ ಇರೋದು ಬೇಸ್ ಮುಗದು ಮಿಡ್ (ನಡುವಿನ ಸದ್ದು) ಶುರು ಆಗೋ ಜಾಗದಾಗ, ಯಾವ ಹೆಡ್‌ಫೋನ್ ಅಲ್ಲಿ ಕೆಸರು ಮಾಡ್ತದೋ ಅದು ಅಲ್ಲೇ ಸಿಕ್ಕಿಬೀಳ್ತದ. ಎಕ್ಸ್‌ಎಂ4ದಾಗ ಸುರುವಿಗ ಅವರು ಕಂಬಳಿ ಹೊದ್ಕೊಂಡು ಹಾಡಿದಂಗ ಕೇಳಿಸ್ತು. ಖರೇ ಹೇಳ್ಬೇಕಂದ್ರ ವಾಪಸ್ ಮಾಡೋ ವಿಚಾರ ಬಂದಿತ್ತು.

ಆಮ್ಯಾಲ ಸೋನಿ ಆಪ್‌ನಾಗ ಹೋಗಿ ಈಕ್ವಲೈಜರ್ (ಸದ್ದಿನ ಒಂದೊಂದು ಭಾಗ ಏರಸೋದು ಇಳಸೋದು) ತೆಗದೆ. ಐದು ಗುಂಡಿ ಅದಾವ, 400ರಿಂದ ಶುರು ಆಗಿ 16 ಸಾವಿರ ಹರ್ಟ್ಜ್ ತನಕ, ಅದ್ರ ಹೊರಗ ಕ್ಲಿಯರ್ ಬೇಸ್ ಅಂತ ಬ್ಯಾರೇ ಒಂದು ಸ್ಲೈಡರ್. ಮಜಾ ಇರೋದು ಆ ಸ್ಲೈಡರ್‌ನಾಗೇ, ಮಂದಿ ಅದನ್ನ ಏರಸ್ತಾರ, ನಾ ಇಳಿಸ್ದೆ, ಮೈನಸ್ ಐದರ ಹತ್ರ ತಂದೆ, 400ದ್ದು ಒಂದು ಮೆಟ್ಲು ಕೆಳಗ, ಎರಡೂವರೆ ಸಾವಿರದ್ದು ಒಂದೆರಡು ಮೆಟ್ಲು ಮ್ಯಾಲ. ಅಷ್ಟು ಮಾಡಿದ್ ಮ್ಯಾಲ ದನಿ ಮುಂದ ಬಂತು, ಹಾರ್ಮೋನಿಯಂ ಬ್ಯಾರೇ ಆಯ್ತು, ತಂಬೂರಿ ತಂತಿ ಮೀಟಿ ಬಿಟ್ ಮ್ಯಾಲ ಜವಾರಿದು (ತಂತಿಯ ಝೇಂಕಾರದ್ದು) ಆ ಝೇಂಯ್ ಅನ್ನೋದು ನಿಧಾನಕ್ಕ ಅರಳೋದು ಕೇಳಿಸ್ತು. ಯಮನ್ ರಾಗದ ಆಲಾಪ್ ಒಂದು ತಾಸು ಕೂತು ಕೇಳಿದ್ರೂ ಬ್ಯಾಸರ ಬರಲಿಲ್ಲ. ಅಂದ್ರ ಡ್ರೈವರ್ (ಒಳಗಿನ ಸಣ್ಣ ಸ್ಪೀಕರ್) ಕೆಟ್ಟದ್ದಲ್ಲ, ಕಂಪನಿಯವ್ರು ಇಟ್ಟ ರುಚಿ ನಮ್ ಬಾಯಿಗ ಅಲ್ಲ ಅಷ್ಟೇ. ಈಕ್ವಲೈಜರ್ ಮುಟ್ಟಂಗಿಲ್ಲ ಅನ್ನೋರಿಗ ಇದು ನಾ ಹೇಳಂಗಿಲ್ಲ.

ಒಂದು ನಗೋ ವಿಷಯ ಅದ. ಇದ್ರಾಗ ಸ್ಪೀಕ್ ಟು ಚಾಟ್ ಅಂತ ಇರ್ತದ, ನೀವು ಮಾತಾಡಿದ್ ಕೂಡ್ಲೇ ಹಾಡು ತಾನೇ ನಿಂತು ಹೊರಗಿನ ಸದ್ದು ಒಳಗ ಬಿಡ್ತದ. ಐಡಿಯಾ ಮಸ್ತ್ ಅದ, ಆದ್ರ ಭಜನಿ ಹಚ್ಕೊಂಡು ಜೋಡಿ ಹಾಡೋ ಚಟ ಇದ್ದೋರಿಗ ಇದು ಶತ್ರು, ಪಲ್ಲವಿ ಎತ್ತಿದ್ರೋ ಇಲ್ವೋ ಹಾಡು ಬಂದ್, ಸುಮ್ನಾದ್ರ ಮತ್ ಚಾಲೂ, ಮತ್ ಎತ್ತಿದ್ರ ಮತ್ ಬಂದ್. ಕೆಮ್ಮಿದ್ರ ಬಿ ಕೆಲವೊಮ್ಮೆ ನಿಂದರ್ತದ. ಮೊದಲನೇ ದಿನಾನೇ ಆಪ್‌ನಾಗ ಅದನ್ನ ಆಫ್ ಮಾಡಿ ಇಟ್ಕೋರಿ. ಅದ್ರ ಬದ್ಲಿ ಬಲಗಡಿ ಕಪ್ ಮ್ಯಾಲ ಅಂಗೈ ಮುಚ್ಚಿದ್ರ ಹಾಡು ಸಣ್ಣಾಗಿ ಹೊರಗಿನ ಮಾತು ಕೇಳಸ್ತದ, ಕಂಡಕ್ಟರ್ ಟಿಕೆಟ್ ಕೇಳಾಗ ಅದು ಬರೋಬ್ಬರಿ ಆಗ್ತದ.

ಎಂ50ಎಕ್ಸ್ ಬ್ಯಾರೇನೇ ಜಾತಿ. 45 ಎಂಎಂ ಡ್ರೈವರ್, 38 ಓಮ್, ಫೋನಿನ್ಯಾಗ ಆರಾಮ್ ನಡೀತದ, ಆಂಪ್ಲಿಫೈಯರ್ ಅದು ಇದು ಏನೂ ಬ್ಯಾಡ. ಇದ್ರಾಗ ಬಿ ಬೇಸ್ ಅದ, ಇಲ್ಲ ಅಂತಲ್ಲ, ಆದ್ರ ಬಿಗಿ ಅದ, ಗುದ್ದಿ ಹಿಂದಕ್ಕ ಸರೀತದ, ಹಾಡೋರ ಜಾಗಾ ಅವ್ರಿಗೇ ಬಿಡ್ತದ. ಗಂಗೂಬಾಯಿ ಅವರು ಇಲ್ಲಿ ಈಕ್ವಲೈಜರ್ ಇಲ್ದೇನೇ ಎದುರಿಗ ಕೂತು ಹಾಡ್ತಾರ, ಉಸಿರು ತಗೊಳ್ಳೋದು ಕೇಳಸ್ತದ, ಹಿಂದ ಜೋಡಿ ಹಾಡೋರ ದನಿ ಎಲ್ಲಿ ಸೇರ್ತು ಎಲ್ಲಿ ಬಿಡ್ತು ಗೊತ್ತಾಗ್ತದ. ತಪ್ಪು ಇರೋದು ಮ್ಯಾಲ. ಟ್ರೆಬಲ್ (ಮ್ಯಾಲಿನ ಸದ್ದು) ಜರಾ ಚೂಪು. ಜಾತ್ರ್ಯಾಗ ಯಾರೋ ಮೊಬೈಲ್‌ನಾಗ ರೆಕಾರ್ಡ್ ಮಾಡಿ ಹಾಕಿದ ತತ್ವಪದ ಇರ್ತಾವಲ್ಲ, ಏಕತಾರಿ, ದಮ್ಮಡಿ, ತಾಳ ಎಲ್ಲಾ ಮೈಕಿನ ಮುಂದೇ, ಅಂಥಾವು ಹಚ್ಚಿದ್ರ ತಾಳ ಸೂಜಿಗತೆ ಕಿವ್ಯಾಗ ಇಳೀತದ, ವಾಲ್ಯೂಮ್ ಕಡಿಮಿ ಮಾಡ್ಲೇಬೇಕು. ಹಳೇ 78 ಆರ್‌ಪಿಎಂ ಪ್ಲೇಟಿನಿಂದ ತೆಗದ ರೆಕಾರ್ಡಿಂಗ್‌ದಾಗ ಬಿ ಹಂಗೇ, ಸರಸರ ಸದ್ದು ಎದ್ದು ಕಾಣ್ತದ, ಅವು ಎಕ್ಸ್‌ಎಂ4ದಾಗ ಮೆತ್ತಗಾಗಿ ಕೇಳಸ್ತಾವ. ಹೊಸಾ ಚೊಲೋ ರೆಕಾರ್ಡಿಂಗ್ ಎಂ50ಎಕ್ಸ್‌ನಾಗ, ಹಳೇವು ಸೋನಿದಾಗ, ಹಿಂಗ ಹಂಚಿಕೊಂಡೀನಿ.

ಸ್ಪೀಕರ್ ಬಿಟ್ಟು ಹೆಡ್‌ಫೋನ್ ಯಾಕ ಅಂತ ಕೇಳೋರಿಗ ಒಂದ್ ಮಾತು. ನಮ್ ಕಡಿ ಮನಿ ನೆಲಕ್ಕೆಲ್ಲಾ ಶಹಾಬಾದ್ ಫರಸಿ, ಹಳೇ ಮನಿ ಆದ್ರ ಗ್ವಾಡಿ ಬಿ ಕಲ್ಲು, ಪಡದಾ ಸೋಫಾ ಕಡಿಮಿ. ಇಂಥಾ ರೂಮಿನ್ಯಾಗ ಎಷ್ಟು ದುಡ್ಡಿನ ಸ್ಪೀಕರ್ ಇಟ್ರೂ ದನಿ ಕಲ್ಲಿಗ ಬಡದು ತಿರುಗಿ ಬಂದು ತನ್ನ ಮ್ಯಾಲ ತಾನೇ ಬೀಳ್ತದ, ವೇಗದ ತಾನ್ ಬಂದ್ರ ಸ್ವರ ಒಂದರಾಗ ಒಂದು ಕಲಸ್ತಾವ. ಹೆಡ್‌ಫೋನಿಗ ರೂಮ್ ಇಲ್ಲ. ಭೀಮಸೇನ ಜೋಶಿ ಅವರ ತಾನ್ ಮೊದ್ಲ ಸ್ಪೀಕರ್‌ದಾಗ ಕೇಳಿ ಆಮ್ಯಾಲ ಎಂ50ಎಕ್ಸ್ ಹಾಕ್ಕೊಂಡು ಕೇಳ್ರಿ, ಒಂದೊಂದು ಸ್ವರ ಬ್ಯಾರೇ ಬ್ಯಾರೇ ಎಣಸಬಹುದು.

ಕೊಡೆಕ್ (ಬ್ಲೂಟೂತಿನ್ಯಾಗ ಹಾಡು ಹಿಂಡಿ ಕಳಿಸೋ ಪದ್ಧತಿ) ಬಗ್ಗೆ ಮಂದಿ ಭಾಳ ತಲಿ ಕೆಡಿಸ್ಕೋತಾರ. ಎಕ್ಸ್‌ಎಂ4ದಾಗ ಎಲ್‌ಡ್ಯಾಕ್ ಅದ, 990 ಕೆಬಿಪಿಎಸ್ ತನಕ ಹೋಗ್ತದ, ಆಂಡ್ರಾಯ್ಡ್ ಫೋನ್ ಇದ್ರ ಸಿಗ್ತದ, ಐಫೋನಿನ್ಯಾಗ ಎಎಸಿ ಅಷ್ಟೇ. ಆದ್ರ ನೀವು ಕೇಳೋದೇ ಯೂಟ್ಯೂಬ್ ಆದ್ರ, ಅಲ್ಲಿ ಹಾಡು ಮೊದ್ಲೇ ಹಿಂಡಿ ಸಣ್ಣ ಮಾಡಿದ್ದು, ಅದನ್ನ ಎಷ್ಟು ದೊಡ್ಡ ಪೈಪಿನ್ಯಾಗ ಕಳಿಸಿದ್ರೂ ಅಷ್ಟೇ ಬರ್ತದ. ಆಕಾಶವಾಣಿ ಕಲಬುರಗಿ ಆಪ್‌ನಾಗ ಕೇಳೋರಿಗಂತೂ ಎಸ್‌ಬಿಸಿ (ಎಲ್ಲಾ ಬ್ಲೂಟೂತ್ ಹೆಡ್‌ಫೋನಿನ್ಯಾಗ ಇರೋ ಸಾದಾ ಕೊಡೆಕ್) ಸಾಕೋ ಸಾಕು. ಎಂ50ಎಕ್ಸ್‌ಗ ತಲಿನೋವು ಬ್ಯಾರೇ, ಈಗಿನ ಭಾಳಷ್ಟು ಫೋನಿಗ ಹೆಡ್‌ಫೋನ್ ತೂತೇ ಇಲ್ಲ, ಡಾಂಗಲ್ (ಚಾರ್ಜಿಂಗ್ ತೂತಿಗ ಹಚ್ಚೋ ಸಣ್ಣ ವೈರ್) ಬೇಕು. ಸೂಪರ್ ಮಾರ್ಕೆಟ್ ಕಡಿ ಒಂದು ಅಂಗಡ್ಯಾಗ ಸಸ್ತಾ ಡಾಂಗಲ್ ಕೊಟ್ರು, ಎಲ್ಲಾ ಫೋನಿಗೂ ನಡೀತದ್ರಿ ಅಂದ್ರು, ಮನಿಗ ತಂದ್ರ ಫೋನ್ ಅದನ್ನ ಗುರ್ತೇ ಹಿಡೀಲಿಲ್ಲ. ಕಾರಣ ಏನಂದ್ರ ಕೆಲವು ಡಾಂಗಲ್‌ನಾಗ ಬರೇ ತಂತಿ ಇರ್ತದ, ಒಳಗ ಡ್ಯಾಕ್ ಚಿಪ್ (ಫೋನಿನ ಡಿಜಿಟಲ್ ಹಾಡನ್ನ ಹೆಡ್‌ಫೋನಿಗ ತಿಳಿಯೋ ಸಿಗ್ನಲ್ ಮಾಡೋದು) ಇರಂಗಿಲ್ಲ, ಅಂಥಾವು ಕೆಲವೇ ಫೋನಿಗ ನಡೀತಾವ. ವಾಪಸ್ ತಗೋರಿ ಅಂದ್ರ ಪ್ಯಾಕೆಟ್ ಹರದೀರಿ ಅಂದ್ರು. ಪ್ಯಾಕೆಟ್ ಹರೀದೆ ಫೋನಿಗ ಹೆಂಗ ಹಚ್ಚೋದು ಅಂತ ಕೇಳಿದ್ರ ಉತ್ತರ ಇಲ್ಲ. ಡ್ಯಾಕ್ ಇರೋದೇ ಬೇಕು ಅಂತ ಕೇಳಿ, ನಿಮ್ ಫೋನಿಗೇ ಅಲ್ಲೇ ಹಚ್ಚಿ ನೋಡಿ ರೊಕ್ಕ ಕೊಡ್ರಿ.

ಬಿಸಿಲಿನ ಮಾತು ಬಿಟ್ರ ಕಲಬುರಗಿ ರಿವ್ಯೂ ಆಗಂಗಿಲ್ಲ. ಮೇ ತಿಂಗಳಾಗ ನಲವತ್ತೆರಡು ನಲವತ್ಮೂರು ಡಿಗ್ರಿ ಇದ್ದಾಗ ಕಿವಿ ಮುಚ್ಚೋ ಹೆಡ್‌ಫೋನ್ ಹಾಕ್ಕೊಂಡು ಜಗತ್ ಸರ್ಕಲ್‌ದಿಂದ ಸ್ಟೇಷನ್ ತನಕ ನಡದು ನೋಡ್ರಿ, ಸ್ಟೇಷನ್ ಮುಟ್ಟೋದ್ರಾಗ ಪ್ಯಾಡ್ ಒಳಗ ನೀರು. ಸೋನಿಯವ್ರು ತಾವೇ ಬರದಾರ, 0ದಿಂದ 40 ಡಿಗ್ರಿ ತನಕ ವಾಪರಸ್ರಿ ಅಂತ, ಅಂದ್ರ ಲೆಕ್ಕದ ಪ್ರಕಾರ ನಮ್ ಊರಾಗ ಬ್ಯಾಸಿಗಿ ಮಧ್ಯಾಹ್ನ ಇದು ನಡಿಯಂಗೇ ಇಲ್ಲ. ನೀರು ಬೆವರು ತಡ್ಯೋ ರೇಟಿಂಗ್ ಬಿ ಇದಕ್ಕಿಲ್ಲ. ಎಕ್ಸ್‌ಎಂ4 ಪ್ಯಾಡ್ ಮೆತ್ತಗ, ಒತ್ತೋದು ಕಡಿಮಿ, ಆದ್ರ ಬೆವರು ಜಲ್ದಿ. ಎಂ50ಎಕ್ಸ್ ಹಿಡಿಯೋದು ಬಿಗಿ, ದೊಡ್ಡ ಕಿವಿ ಇದ್ದೋರಿಗ ತುದಿ ಮಡಚ್ತದ. ಪ್ಯಾಡ್ ಮ್ಯಾಲ ಹತ್ತಿ ಅರಬಿ ಹೊಲಸಿ ಹಾಕ್ಕೋತೀನಿ ಅಂದ್ರ ಬೆವರಿಗ ಚೊಲೋ, ಆದ್ರ ಕಿವಿ ಸುತ್ತ ಗಾಳಿ ಸೋರಿ ಬೇಸ್ ಕಡಿಮಿ ಆಗ್ತದ, ಎಕ್ಸ್‌ಎಂ4ದಾಗ ಸದ್ದು ಕಟ್ ಆಗೋದು ಬಿ ಕಡಿಮಿ ಆಗ್ತದ. ದಪ್ಪ ಕಡ್ಡಿ ಚಶ್ಮಾ ಹಾಕ್ಕೊಂಡ್ರ ಆಗೋದು ಬಿ ಇದೇ, ಚಶ್ಮಾ ಇದ್ದೋರು ಚಶ್ಮಾ ಹಾಕ್ಕೊಂಡೇ ಕೇಳಿ ನೋಡಿ ತಗೋರಿ.

ಬ್ಯಾಟರಿ ಕಂಪನಿ ಲೆಕ್ಕದಾಗ ನಾಯ್ಸ್ ಕ್ಯಾನ್ಸಲಿಂಗ್ ಹಚ್ಚಿದ್ರ 30 ತಾಸು, ಹತ್ತು ನಿಮಿಷ ಚಾರ್ಜಿಗ ಐದು ತಾಸು, ಬೆಂಗಳೂರಿಗ ಹೋಗಿ ಬರ್ಲಿಕ್ಕ ಸಾಕು. ಆದ್ರ ಚಾರ್ಜಿಗ ಹಚ್ಚಿದಾಗ ಕೇಳಾಕ ಆಗಂಗಿಲ್ಲ, ಅದು ನೆನಪಿರ್ಲಿ. ಬೈಕ್ ಮ್ಯಾಲ ಎರಡೂ ಬ್ಯಾಡ, ಸೇಡಂ ರೋಡಿನ ಟಿಪ್ಪರ್ ಹಾರ್ನ್ ಕೇಳಿಸ್ಬೇಕು.

ನಂಗ ಒಂದೇ ಇಟ್ಕೋ ಅಂದ್ರ ಎಂ50ಎಕ್ಸ್ ಇಟ್ಕೋತೀನಿ, ರೇಟ್ ಬಿ ಕಡಿಮಿ, ದನಿ ಬಿ ಖರೇ, ವೈರ್ ಹರದ್ರ ಬ್ಯಾರೇ ಹಾಕಬಹುದು, ಡಬ್ಬ್ಯಾಗೇ ಮೂರು ಕೊಟ್ಟಿರ್ತಾರ, ಅದ್ರಾಗ 1.2 ಮೀಟರ್‌ದು ಫೋನಿಗ, 3 ಮೀಟರ್‌ದು ಹಾಸಿಗಿ ಮ್ಯಾಲ ಬಿದ್ಕೊಂಡು ಕೇಳಾಕ. ದಿನಾ ಬಸ್ಸು ಟ್ರೇನ್ ಹತ್ತೋರು, ಮನಿ ಬಾಜೂಕ ಫಂಕ್ಷನ್ ಹಾಲ್ ಇದ್ದೋರು ಎಕ್ಸ್‌ಎಂ4 ತಗೋರಿ, ಡಿಜೆ ಗುದ್ದು ಎದ್ಯಾಗ ಬರೋದು ನಿಂದರಂಗಿಲ್ಲ ಆದ್ರ ಕಿವ್ಯಾಗ ಬರೋದು ಅರ್ಧ ಕಡಿಮಿ ಆಗ್ತದ. ಕ್ಲಿಯರ್ ಬೇಸ್ ಮಾತ್ರ ಇಳಿಸ್ಕೋರಿ.