ದಾಲ್ ಮಿಲ್ಲಿನ ಲೆಕ್ಕ ಕಾಯುವ ಪೆಟ್ಟಿಗೆ: ಸೈನಾಲಜಿ ಡಿಎಸ್220+ ಜೊತೆ ಕೆಲವು ವರ್ಷ

ಡಿಎಸ್220+ ಅನ್ನುವುದು ಸೈನಾಲಜಿ ಕಂಪನಿಯಿಂದ 2020ರಲ್ಲಿ ಬಂದ ನ್ಯಾಸ್, ಅಂದರೆ ಎಲ್ಲ ಪಿಸಿಗಳ ಡೇಟಾ ಒಂದೇ ಕಡೆ ಇಡುವ ಸಾಧನ. ಎರಡು ಹಾರ್ಡ್ ಡಿಸ್ಕ್ ಹಾಕಿ ಕಚೇರಿಯ ನೆಟ್‌ವರ್ಕಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ. ಇದರ ಜಾಗಕ್ಕೆ ಡಿಎಸ್224+, ಆಮೇಲೆ ಡಿಎಸ್225+ ಬಂದಿವೆ, ಹಾಗಾಗಿ ಇದನ್ನೇ ಕೊಳ್ಳಿ ಅಂತ ಹೇಳಲು ಬರೆಯುತ್ತಿಲ್ಲ. ಈ ಜಾತಿಯ ಪೆಟ್ಟಿಗೆ ಕಲಬುರಗಿಯ ಬಿಸಿಲಲ್ಲಿ, ಇಲ್ಲಿನ ಕರೆಂಟಿನಲ್ಲಿ, ನಮ್ಮ ಮುನೀಮರ ಕೈಯಲ್ಲಿ ಹೇಗೆ ಬಾಳುತ್ತದೆ ಅನ್ನುವುದು ಯಾವ ಯೂಟ್ಯೂಬ್ ವಿಡಿಯೋದಲ್ಲೂ ಸಿಗುವುದಿಲ್ಲ. ಅದಕ್ಕೇ ಇದು.

ನಮ್ಮದು ತೊಗರಿ ಬೇಳೆಯ ಮಿಲ್, ಜೊತೆಗೆ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ (ಕಮಿಷನ್ ವ್ಯಾಪಾರದ) ಅಂಗಡಿ. ಕಾಯಬೇಕಾದ್ದು ಎರಡೂ ಕಡೆಯ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಡೇಟಾ, ಲಾರಿ ಕಾಟಾದ ತೂಕದ ದಾಖಲೆ, ರೈತರ ಪಟ್ಟಿ ಮತ್ತು ಬ್ಯಾಂಕ್ ಕಾಗದಗಳ ಸ್ಕ್ಯಾನ್. ಎಲ್ಲ ಸೇರಿದರೂ ನೂರು ಜಿಬಿ ದಾಟುವುದಿಲ್ಲ. ಸಿಸಿಟಿವಿಯನ್ನು ಇದರೊಳಗೆ ಸೇರಿಸಿಲ್ಲ, ಸುಮ್ನೆ ಜಾಗ ನುಂಗುತ್ತದೆ. ಡೇಟಾ ಚಿಕ್ಕದಾದರೂ ಬಹಳ ವರ್ಷ ಇರಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ತೊಗರಿ ಸುಗ್ಗಿಯಲ್ಲಿ ಒಂದೇ ಒಂದು ದಿನದ ಪಟ್ಟಿ ಹೋದರೂ ರೈತರಿಗೆ, ಹಮಾಲರಿಗೆ, ಖರೀದಿದಾರರಿಗೆ ಉತ್ತರ ಕೊಟ್ಟು ಸಾಕಾಗುತ್ತದೆ.

4 ಟಿಬಿಯ ಎರಡು ಡಿಸ್ಕ್ ಹಾಕಿದ್ದೇವೆ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುತ್ತದೆ, ಹಾಗಾಗಿ ಬಳಕೆಗೆ ಸಿಗುವುದು 4 ಟಿಬಿ ಮಾತ್ರ. ಡಿಸ್ಕ್ ಸೇರಿ ಖರ್ಚು ಅರ್ಧ ಲಕ್ಷದ ಆಸುಪಾಸು ಬಂತು. ಮಾರುವವರು ಈ ಜೋಡಿ ಡಿಸ್ಕನ್ನೇ ಬ್ಯಾಕಪ್ ಅಂತ ತೋರಿಸುತ್ತಾರೆ, ನಂಬಬೇಡಿ. ಮುನೀಮರು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದಿರಲಿ ಅನ್ನುವುದಕ್ಕಷ್ಟೇ ಅದು. ನಮ್ಮಲ್ಲಿ ಒಂದು ಸತ್ತಿತು ಕೂಡ, ವಾರಂಟಿಯಲ್ಲಿ ಬೇರೆ ಬಂತು. ಅಷ್ಟು ದಿನ ಅಂಗಡಿಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ನಿಜವಾದ ಕೆಲಸ ಮಾಡುವುದು ಆಕ್ಟಿವ್ ಬ್ಯಾಕಪ್ ಫಾರ್ ಬಿಸಿನೆಸ್ ಅನ್ನುವ ಸಾಫ್ಟ್‌ವೇರ್. ಪ್ರತಿ ರಾತ್ರಿ ಎಲ್ಲ ಪಿಸಿಗಳ ಪೂರ್ತಿ ಪ್ರತಿ ತೆಗೆಯುತ್ತದೆ. ಮೊದಲ ಸಲ ಎಲ್ಲವನ್ನೂ, ಆಮೇಲೆ ಬದಲಾದದ್ದನ್ನು ಮಾತ್ರ. ಹಳೆಯ ದಿನಗಳ ಪ್ರತಿಗಳೂ ಉಳಿಯುತ್ತವೆ. ಇದಕ್ಕೆ ಬೇರೆ ಲೈಸೆನ್ಸ್ ಹಣ ಕೊಡಬೇಕಿಲ್ಲ. ಅಗ್ಗದ ಡಿಎಸ್220ಜೆ ಮಾದರಿಯಲ್ಲಿ ಇದು ನಡೆಯುವುದಿಲ್ಲ, ಪ್ಲಸ್ ಮಾದರಿಗೆ ಹೆಚ್ಚು ಹಣ ಕೊಟ್ಟದ್ದು ಇದೊಂದಕ್ಕೇ. ಟ್ಯಾಲಿಯದ್ದು ಮಾತ್ರ ಬೇರೆ ದಾರಿ. ಸಂಜೆ ಕೀರ್ದಿ ಮುಗಿದ ಮೇಲೆ ಆಲ್ಟ್ ವೈ ಒತ್ತಿ ಟ್ಯಾಲಿಯದೇ ಬ್ಯಾಕಪ್ ತೆಗೆದು ಆಯಾ ದಿನದ ಫೋಲ್ಡರಿಗೆ ಹಾಕುತ್ತಾರೆ. ಟ್ಯಾಲಿ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್‌ಗೆ ಸಿಂಕ್ ಮಾಡಿಟ್ಟ ಅಂಗಡಿಗಳು ಗಂಜ್‌ನಲ್ಲಿ ಬೇಕಾದಷ್ಟಿವೆ. ಟ್ಯಾಲಿ ತೆರೆದಿರುವಾಗಲೇ ಸಿಂಕ್ ನಡೆದರೆ ಅರೆಬರೆ ಫೈಲುಗಳು ಮೇಲೆ ಹೋಗುತ್ತವೆ. ತಿರುಗಿ ಇಳಿಸಿದಾಗ ಟ್ಯಾಲಿಯಲ್ಲಿ ನಿಮ್ಮ ಕಂಪನಿಯ ಲೆಕ್ಕ ತೆರೆಯದೇ ಇರಬಹುದು.

ಇನ್ನು ಬಿಸಿಲು. ಈ ಪೆಟ್ಟಿಗೆ 0ರಿಂದ 40 ಡಿಗ್ರಿವರೆಗಿನ ಜಾಗದಲ್ಲಿ ಇರಬೇಕು ಅಂತ ಕಂಪನಿಯೇ ಬರೆದಿದೆ. ನಮ್ಮ ಮೇ ತಿಂಗಳು ನಿಮಗೆ ಗೊತ್ತಲ್ವಾ? ಹೊರಗೇ 43, 44. ಮಿಲ್ಲಿನ ತಗಡಿನ ಚಾವಣಿಯ ಆಫೀಸಿನಲ್ಲಿ ಎಸಿ ಆರಿಸಿ ಬೀಗ ಹಾಕಿದ ಭಾನುವಾರ ಒಳಗೆ ಎಷ್ಟಿರುತ್ತದೋ ಲೆಕ್ಕ ಹಾಕಿ. ಅದರ ಮೇಲೆ ಬೇಳೆಯ ಹೊಟ್ಟಿನ ದೂಳು ಹಿಂದಿನ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಗಂಜ್ ಅಂಗಡಿಯ ಒಳಕೋಣೆಗೆ ಸಾಗಿಸಿದೆವು. ಹಳೆಯ ಕಲ್ಲಿನ ಗೋಡೆ, ಮೇಲೆ ಇನ್ನೊಂದು ಮಾಳಿಗೆ, ಮಧ್ಯಾಹ್ನವೂ ತಣ್ಣಗಿರುತ್ತದೆ. ಮಿಲ್ಲಿನ ಪಿಸಿಗಳು ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಮೂಲಕ ಅಲ್ಲಿಗೇ ಬರೆಯುತ್ತವೆ. ಡಿಸ್ಕಿನ ಬಿಸಿ ಏರಿದರೆ ಮೊಬೈಲಿಗೆ ಎಚ್ಚರಿಕೆ ಬರುವ ಹಾಗೆ ಮಾಡಿಟ್ಟಿದ್ದೇನೆ, ಬೇಸಿಗೆಯಲ್ಲಿ ಆಗಾಗ ಬರುತ್ತದೆ. ಜಾಗ ಆರಿಸುವುದು ಮಾದರಿ ಆರಿಸುವುದಕ್ಕಿಂತ ದೊಡ್ಡ ಕೆಲಸ.

ಕರೆಂಟಿನ ವಿಷಯ ಚಿಕ್ಕದು. ಯುಎಸ್‌ಬಿ ತಂತಿ ಇರುವ ಯುಪಿಎಸ್ ತಗೊಳ್ಳಿ. ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಇನ್ವರ್ಟರಿಗೆ ಹಾಗೆ ಹೇಳಲು ಬರುವುದಿಲ್ಲ.

ಪರೀಕ್ಷೆ ಬಂದದ್ದು ಒಂದು ಮಳೆಗಾಲದಲ್ಲಿ. ಸಿಡಿಲಿಗೆ ಮಿಲ್ಲಿನ ಪಿಸಿ ಹೋಯಿತು. "ಸಾವ್ಕಾರ್ರೆ, ಕಾಟಾದ್ದೂ ಹೋತೇನ್ರಿ?" ಅಂತ ಮುನೀಮರ ಫೋನು. ಕಾಟಾ ಸಾಫ್ಟ್‌ವೇರಿನ ಡೇಟಾ ಸಿ ಡ್ರೈವಿನ ಯಾವುದೋ ಮೂಲೆಯಲ್ಲಿತ್ತು, ಅದನ್ನು ಹಾಕಿಕೊಟ್ಟ ಹುಡುಗ ಊರು ಬಿಟ್ಟು ಬಹಳ ದಿನವಾಗಿತ್ತು. ಫೈಲ್ ಆರಿಸಿ ಬ್ಯಾಕಪ್ ತೆಗೆಯುವ ಸಾಫ್ಟ್‌ವೇರ್ ಆಗಿದ್ದರೆ ಅದು ಬಿಟ್ಟೇ ಹೋಗುತ್ತಿತ್ತು. ಇಲ್ಲಿ ಇಡೀ ಪಿಸಿಯ ಪ್ರತಿಯೇ ಇತ್ತು. ಪೆನ್ ಡ್ರೈವಿನಿಂದ ಇನ್ನೊಂದು ಪಿಸಿ ಶುರು ಮಾಡಿ ಪೂರ್ತಿ ಇಳಿಸಿದೆವು, ಅದೇ ಸಂಜೆ ಲಾರಿ ತೂಗಿದೆವು. ತೊಡಕಾದದ್ದು ಟ್ಯಾಲಿ ಲೈಸೆನ್ಸ್. ಯಂತ್ರ ಬದಲಾದ ಕೂಡಲೇ ಅದು ಎಜುಕೇಷನಲ್ ಮೋಡಿಗೆ (ಕಲಿಯುವವರ ಬಳಕೆಗೆ) ಹೋಗುತ್ತದೆ, ಆಗ ಎಲ್ಲ ತಾರೀಕಿಗೂ ನಮೂದು ಮಾಡಲು ಬಿಡುವುದಿಲ್ಲ. ಲೈಸೆನ್ಸನ್ನು ಮತ್ತೆ ಚಾಲೂ ಮಾಡಲು ನೋಂದಾಯಿಸಿದ ಇಮೇಲ್ ಬೇಕು. ಆ ಇಮೇಲ್ ನಿಮ್ಮದಾ ಅಥವಾ ಕಂಪ್ಯೂಟರ್ ಅಂಗಡಿಯವನದಾ, ಇವತ್ತೇ ನೋಡಿಕೊಳ್ಳಿ.

ಟ್ಯಾಲಿ ಬ್ಯಾಕಪ್ ತಿರುಗಿ ಇಳಿಸುವಾಗ ಬೇರೆ ಫೋಲ್ಡರ್ ಕೊಡಿ, ಇಲ್ಲದಿದ್ದರೆ ಈಗಿರುವ ಡೇಟಾದ ಮೇಲೇ ಬರೆದುಬಿಡುತ್ತದೆ. ನಾವು ತಿಂಗಳಿಗೊಮ್ಮೆ ಹಾಗೆ ಇಳಿಸಿ ಹಿಂದಿನ ತಿಂಗಳ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುತ್ತೇವೆ. ಮುನೀಮರಿಗೆ ಬೇಜಾರಿನ ಕೆಲಸ, ಆದರೂ ಬಿಡುವುದಿಲ್ಲ.

ಅಂಗಡಿಗೇ ಬೆಂಕಿ ಬಿದ್ದರೆ ಏನು ಗತಿ ಅಂತ ಒಂದು ಪ್ರತಿ ಕ್ಲೌಡ್‌ಗೆ ಹೋಗುತ್ತದೆ. ಮೊದಲು ಹಿಡಿದ ಸೇವೆಯೊಂದು ಏರಿಸುವಾಗ ಚುರುಕಾಗಿತ್ತು, ಇಳಿಸುವಾಗ ತೆವಳುತ್ತಿತ್ತು, ಬಿಟ್ಟೆವು. ಈಗ ಸೈನಾಲಜಿಯದೇ ಹೈಪರ್ ಬ್ಯಾಕಪ್ ಸಾಫ್ಟ್‌ವೇರ್ ಮೂಲಕ ಅಮೆಜಾನ್ ಎಸ್3 ಅನ್ನುವ ಕ್ಲೌಡ್ ಸೇವೆಯ ಮುಂಬೈ ಕೇಂದ್ರಕ್ಕೆ ಕಳಿಸುತ್ತೇವೆ. 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 100 ಜಿಬಿ ಏರಲು ಹನ್ನೊಂದು ಗಂಟೆ ಬೇಕು, ಅದು ಮೊದಲ ಸಲ ಮಾತ್ರ. ಡೇಟಾ ಇಲ್ಲೇ ಗೂಢಲಿಪಿಯಾಗಿ ಹೋಗುತ್ತದೆ. ಆ ಕೀಲಿ ಕಳೆದರೆ ಯಾರೂ ತೆಗೆಯಲಾರರು, ಅದರ ಮುದ್ರಿತ ಪ್ರತಿ ಮನೆಯ ತಿಜೋರಿಯಲ್ಲಿದೆ. ಇನ್ನೊಂದು ಮಾತು: ಬ್ಯಾಕಪ್ ಫೋಲ್ಡರನ್ನು ಪಿಸಿಗಳಲ್ಲಿ ಝಡ್ ಡ್ರೈವ್ ಅಂತ ತೋರಿಸಿಡಬೇಡಿ. 2017ರ ವಾನಾಕ್ರೈ ಥರದ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಪಿಸಿಗೆ ಬಂದರೆ ಅಲ್ಲಿಗೂ ಕೈ ಚಾಚುತ್ತದೆ.

ಹೊಸ ಮಾದರಿ ಕೊಳ್ಳುವವರಿಗೆ ಒಂದು ವಿಷಯ. 2025ರ ಪ್ಲಸ್ ಮಾದರಿಗಳಿಗೆ ತಾನು ಒಪ್ಪಿದ ಡಿಸ್ಕೇ ಬೇಕು ಅಂತ ಸೈನಾಲಜಿ ಹಟ ಹಿಡಿದಿತ್ತು. ಬಳಕೆದಾರರು ತಿರುಗಿಬಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪೆಟ್ಟಿಗೆ ನಡೆಸುವ ಸಾಫ್ಟ್‌ವೇರಾದ ಡಿಎಸ್‌ಎಂನ 7.3 ಆವೃತ್ತಿ ಜೊತೆ ಅದನ್ನು ಸಡಿಲಿಸಿತು. ಡಿಸ್ಕ್ ಕೊಳ್ಳುವ ಮುಂಚೆ ಅವರ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಒಂದೇ ಪಿಸಿ ಇರುವ ಕಿರಾಣಿ ಅಂಗಡಿಗೆ, ಚಿಕ್ಕ ಟ್ಯಾಕ್ಸ್ ಆಫೀಸಿಗೆ ಇದು ಜಾಸ್ತಿಯಾಯಿತು. ಎರಡು ಪೋರ್ಟಬಲ್ ಡಿಸ್ಕ್ ತಗೊಳ್ಳಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಶನಿವಾರ ಅದಲು ಬದಲು. ಬ್ಯಾಕಪ್ ಆದ ಮೇಲೆ ತಂತಿ ಬಿಚ್ಚಿಡಿ. ಉಳಿದ ಹಣಕ್ಕೆ ಒಳ್ಳೆಯ ಯುಪಿಎಸ್ ಬರುತ್ತದೆ.