ತ್ಸುಗ್‌ಸ್ಪಿಟ್ಸೆ ಹತ್ತಲು ಯಾವ ದಾರಿ: ರೈನ್‌ಟಾಲ್, ಹೆಲ್ಲೆನ್‌ಟಾಲ್, ಇಲ್ಲಾ ಎಹ್ರ್‌ವಾಲ್ಡ್?

ಮ್ಯೂನಿಕ್‌ನಲ್ಲಿರುವ ನಮ್ಮವರಲ್ಲಿ ಬೆಟ್ಟದ ಹುಚ್ಚಿರುವವರು ಬೇಸಿಗೆ ಬಂತೆಂದರೆ ಕೇಳುವ ಪ್ರಶ್ನೆ ಇದೇ. 2962 ಮೀಟರ್ ಎತ್ತರದ ತ್ಸುಗ್‌ಸ್ಪಿಟ್ಸೆ ಜರ್ಮನಿಯ ಅತಿ ಎತ್ತರದ ಶಿಖರ. ಆಸ್ಟ್ರಿಯಾದ ಗಡಿ ಅದರ ನೆತ್ತಿಯ ಮೇಲೇ ಹಾದುಹೋಗುತ್ತದೆ. ಈ ಮೂರೂ ದಾರಿಗಳಲ್ಲಿ ನಾನು ಹತ್ತಿದ್ದೇನೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಒಂದೇ: ರೈನ್‌ಟಾಲ್, ಅದೂ ಎರಡು ದಿನದಲ್ಲಿ.

ರೈನ್‌ಟಾಲ್ ಸುಮಾರು 21 ಕಿಲೋಮೀಟರ್ ನಡಿಗೆ, 2200 ಮೀಟರ್‌ನಷ್ಟು ಏರು. ಕೇಳಿದರೆ ಭಯ ಆಗುತ್ತದೆ. ಆದರೆ ಮೊದಲ ಅರ್ಧ ಹೆಚ್ಚುಕಡಿಮೆ ಹೊಳೆಯ ಪಕ್ಕದ ನಡಿಗೆ. ಬೆಟ್ಟದ ಬುಡದ ಪಟ್ಟಣ ಗಾರ್ಮಿಶ್-ಪಾರ್ಟನ್‌ಕಿರ್ಷನ್‌ನ ಸ್ಕೀ ಸ್ಟೇಡಿಯಂ ದಾಟಿ, ಟಿಕೆಟ್ ತೆಗೆದುಕೊಂಡು ಪಾರ್ಟ್ನಾಖ್ ಕೊರಕಲಿನೊಳಗೆ ಹೋಗಬೇಕು. ಎರಡೂ ಕಡೆ ಗೋಡೆಯಂಥ ಬಂಡೆ, ಕೆಳಗೆ ಭೋರ್ಗರೆಯುವ ನೀರು, ತಲೆ ಮೇಲೆ ತೊಟ್ಟಿಕ್ಕುವ ನೀರು. ಅದು ಮುಗಿದ ಮೇಲೆ ಗಂಟೆಗಟ್ಟಲೆ ಕಣಿವೆ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇದರ ಲಯ ಬೇಗ ಹಿಡಿಯುತ್ತದೆ. ಗಿರಿಗದ್ದೆಯ ಭಟ್ಟರ ಮನೆಯ ಹಾಗೆ ಇಲ್ಲೂ ನಡುದಾರಿಯ ಗುಡಿಸಲುಗಳಲ್ಲಿ ಊಟ, ಹಾಸಿಗೆ ಸಿಗುತ್ತದೆ.

ಈ ದಾರಿಯನ್ನು ನಾನು ಇಷ್ಟಪಡುವುದಕ್ಕೆ ದೊಡ್ಡ ಕಾರಣ ರೈನ್‌ಟಾಲಾಂಗರ್ ಗುಡಿಸಲಿನಿಂದ ಸ್ವಲ್ಪ ಮುಂದೆ ಇದೆ. ಅಲ್ಲಿ ಪಾರ್ಟ್ನಾಖ್ ಹೊಳೆ ಬಂಡೆಯ ಬುಡದಿಂದಲೇ ಹೊರಗೆ ಧುಮುಕುತ್ತದೆ. ಈ ಬೆಟ್ಟ ಪೂರ್ತಿ ಸುಣ್ಣಕಲ್ಲು. ಮೇಲಿನ ತ್ಸುಗ್‌ಸ್ಪಿಟ್ಸ್‌ಪ್ಲಾಟ್ ಎಂಬ ವಿಶಾಲ ಬಯಲಲ್ಲಿ ಬಿದ್ದ ಮಳೆ, ಕರಗಿದ ಹಿಮ ಎಲ್ಲಾ ಕಲ್ಲಿನ ಬಿರುಕುಗಳಲ್ಲಿ ಇಂಗಿ, ಬೆಟ್ಟದ ಹೊಟ್ಟೆಯೊಳಗೇ ಹರಿದು, ಇಲ್ಲಿ ಬೆಳಕು ಕಾಣುತ್ತದೆ. ಇದನ್ನು ನೋಡಿದ ಮೇಲೆ ಒಂದು ವಿಷಯ ತಾನಾಗೇ ಅರ್ಥವಾಗುತ್ತದೆ: ಮೇಲೆ ಹಿಮ ಕಂಡರೂ ಹರಿಯುವ ನೀರು ಸಿಗುವುದಿಲ್ಲ. ಕೆಳಗಿನ ಗುಡಿಸಲುಗಳಲ್ಲೇ ಬಾಟಲಿ ತುಂಬಿಸಿಕೊಳ್ಳಿ.

ರಾತ್ರಿ ಎಲ್ಲಿ ತಂಗಬೇಕು? 1369 ಮೀಟರ್‌ನ ರೈನ್‌ಟಾಲಾಂಗರ್ ಗುಡಿಸಲು ಚೆಂದ, ಹೊಳೆಯ ಪಕ್ಕದಲ್ಲೇ ಇದೆ. ಆದರೂ ನನ್ನ ಆಯ್ಕೆ 2051 ಮೀಟರ್‌ನ ಕ್ನೋರ್‌ಹ್ಯುಟೆ ಗುಡಿಸಲು. ಅಲ್ಲಿಗೆ ಹೋಗುವ ಕಡಿದಾದ ಏರು ಮೊದಲ ದಿನವೇ ಮುಗಿದುಹೋಗುತ್ತದೆ. ಮಾರನೇ ದಿನ ಉಳಿಯುವುದು ಸುಮಾರು 900 ಮೀಟರ್ ಏರು. ಬೇಸಿಗೆಯಲ್ಲಿ ಗುಡುಗು-ಮಿಂಚು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಕೊನೆಯ ಏಣಿನಲ್ಲಿ, ಅಂದರೆ ಬೆಟ್ಟದ ಚೂಪು ಬೆನ್ನಿನಲ್ಲಿ, ಹಿಡಿದು ಹತ್ತುವುದು ಕಬ್ಬಿಣದ ಹಗ್ಗವನ್ನು, ಮಿಂಚಿನ ಹೊತ್ತಲ್ಲಿ ಅಲ್ಲಿರಬಾರದು ಅಲ್ವಾ? ಜಾಗ ಮೊದಲೇ ಕಾದಿರಿಸಿ, ತೆಳು ಹೊದಿಕೆ ಚೀಲ ಒಯ್ಯಿರಿ. ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಕೇಸ್‌ಶ್ಪೆಟ್ಸ್‌ಲೆ ಎಂಬ ನೂಡಲ್ಸ್ ಸಾಮಾನ್ಯವಾಗಿ ಸಿಗುತ್ತದೆ. ಅದರಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆ ತಿನ್ನದವರು ಅವಲಕ್ಕಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಮೊದಲು ಹತ್ತಿದವರೆಂದು ದಾಖಲಾಗಿರುವ ಯೋಸೆಫ್ ನೌಸ್ ತಂಡ 1820ರ ಆಗಸ್ಟ್‌ನಲ್ಲಿ ಶಿಖರ ಮುಟ್ಟಿದ್ದೂ ಈ ರೈನ್‌ಟಾಲ್ ಕಡೆಯಿಂದಲೇ.

ಇನ್ನು ಹೆಲ್ಲೆನ್‌ಟಾಲ್. ಹತ್ತುವ ಖುಷಿ ಒಂದನ್ನೇ ನೋಡಿದರೆ ಇದಕ್ಕೆ ಸಾಟಿ ಇಲ್ಲ. ಹಾಮರ್ಸ್‌ಬಾಖ್‌ನಿಂದ ಹೊರಟು, ಸುರಂಗಗಳಿರುವ ಕೊರಕಲು, ಒಂದು ಗುಡಿಸಲು, ಆಮೇಲೆ ಬಂಡೆಗೆ ಬಡಿದ ಕಬ್ಬಿಣದ ಮೆಟ್ಟಿಲುಗಳು. ಬ್ರೆಟ್ ಎಂಬಲ್ಲಿ ನುಣುಪು ಬಂಡೆಯಿಂದ ಹೊರಚಾಚಿದ ಸರಳುಗಳ ಮೇಲೆ ಪಾದವಿಟ್ಟು ಅಡ್ಡ ದಾಟಬೇಕು. ಕೆಳಗೆ ಆಳ. ಅದಾದ ಮೇಲೆ ಹಿಮನದಿ. ನಿಜವಾದ ಪರೀಕ್ಷೆ ಹಿಮ ಮುಗಿದು ಬಂಡೆ ಶುರುವಾಗುವ ಕಡೆ. ಅಲ್ಲೊಂದು ಕಂದಕ ಬಾಯಿ ಬಿಟ್ಟಿರುತ್ತದೆ. ಬೇಸಿಗೆ ಕಳೆದಂತೆ ಹಿಮ ಕೆಳಗೆ ಕುಸಿದು ಅದು ಅಗಲವಾಗುತ್ತದೆ, ಬಂಡೆಯ ಮೇಲಿನ ಮೊದಲ ಹೆಜ್ಜೆ ಕಷ್ಟವಾಗುತ್ತದೆ. ಹಿಮನದಿಯೇ ಕರಗುತ್ತಿರುವುದರಿಂದ ಹೋದ ವರ್ಷದವರ ಮಾತು ಈ ವರ್ಷಕ್ಕೆ ನಂಬುವ ಹಾಗಿಲ್ಲ. ಇದೇ ಬೆಟ್ಟದ ದಕ್ಷಿಣ ಶ್ನೀಫೆರ್ನರ್ ಎಂಬ ಇನ್ನೊಂದು ಹಿಮನದಿ ಎಷ್ಟು ಕರಗಿತೆಂದರೆ, 2022ರಲ್ಲಿ ಅದನ್ನು ಹಿಮನದಿಗಳ ಪಟ್ಟಿಯಿಂದಲೇ ತೆಗೆದರು. ಹಾಗಾಗಿ ಹೊರಡುವ ಮುಂಚೆ ಹೆಲ್ಲೆನ್‌ಟಾಲ್ ಗುಡಿಸಲಿನವರನ್ನು ಕೇಳಲೇಬೇಕು.

ಹೆಲ್ಮೆಟ್, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಅದನ್ನು ಬಂಡೆಯ ತಂತಿಗೆ ಕೊಕ್ಕೆ ಹಾಕುವ ಕ್ಲೆಟರ್‌ಸ್ಟೈಗ್ ಸೆಟ್, ಹಿಮದ ಮೇಲೆ ನಡೆಯಲು ಬೂಟಿಗೆ ಕಟ್ಟುವ ಮುಳ್ಳುಗಳು (ಕ್ರ್ಯಾಂಪಾನ್) ಎಲ್ಲಾ ಬೇಕು. ಗಾರ್ಮಿಶ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಆದರೆ ಬಳಸುವುದನ್ನು ಬೇರೆ ಚಿಕ್ಕ ಬೆಟ್ಟದಲ್ಲಿ ಕಲಿತು ಬನ್ನಿ. ಶನಿವಾರ-ಭಾನುವಾರ ತಂತಿ ಹಿಡಿಯಲು ಸಾಲು ನಿಲ್ಲಬೇಕು. ಮುಂದಿನವರು ಹೆದರಿ ನಿಂತರೆ ಹಿಂದಿನವರೆಲ್ಲ ನಿಂತೇ ಇರಬೇಕು, ಮೇಲಿನಿಂದ ಕಲ್ಲು ಉರುಳುವುದೂ ಉಂಟು. ಅರ್ಧ ಹತ್ತಿದ ಮೇಲೆ ವಾಪಸ್ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಇದೊಂದೇ ಕಾರಣಕ್ಕೆ ಹೊಸಬರಿಗೆ ನಾನು ಈ ದಾರಿ ಹೇಳುವುದಿಲ್ಲ. ಒದ್ದೆ ಸುಣ್ಣಕಲ್ಲಂತೂ, ಸಾವಿರಾರು ಬೂಟು ಉಜ್ಜಿ ನುಣುಪಾದ ಜಾಗಗಳಲ್ಲಿ, ತುಂಬಾ ಜಾರುತ್ತದೆ.

ಆಸ್ಟ್ರಿಯಾದ ಎಹ್ರ್‌ವಾಲ್ಡ್ ಕಡೆಯಿಂದ, ವೀನರ್ ನೊಯ್‌ಶ್ಟೆಟರ್ ಗುಡಿಸಲಿನ ಮೂಲಕ ಹತ್ತುವುದು ಹತ್ತಿರದ ದಾರಿ. ಸಡಿಲ ಜಲ್ಲಿ, ಆಮೇಲೆ ತಂತಿ, ಒಂದು ಕಡೆ ಬಂಡೆಯೊಳಗಿನ ತೂತಿನಲ್ಲಿ ನುಸುಳಿ ಮೇಲೇರುವ ಮಜಾ. ಹಿಮನದಿ ಇಲ್ಲ. ಒಂದೇ ದಿನ ಸಮಯ ಇರುವ, ಕಾಲು ಗಟ್ಟಿ ಇರುವವರಿಗೆ ಸರಿ. ನನಗೆ ಮಾತ್ರ ಜಲ್ಲಿಯ ಏರು ಬೇಸರ ತರಿಸಿತು. ಅದೇ ಎಹ್ರ್‌ವಾಲ್ಡ್‌ನಿಂದ ಗಾಟರ್ಲ್ ಎಂಬ ಗಡಿಯ ಕಣಿವೆದಾರಿ ದಾಟಿ ಕ್ನೋರ್‌ಹ್ಯುಟೆ ಸೇರುವ ದಾರಿಯೂ ಇದೆ. ಅದು ಸುಲಭ, ಆದರೆ ಪಾರ್ಟ್ನಾಖ್ ಹುಟ್ಟುವ ಜಾಗ ತಪ್ಪಿಹೋಗುತ್ತದೆ.

ಯಾವ ದಾರಿಯಲ್ಲಿ ಹೋದರೂ ಮೇಲೆ ಕೇಬಲ್ ಕಾರಿನಲ್ಲಿ ಬಂದ ಜನಸಾಗರ ಇದ್ದೇ ಇರುತ್ತದೆ, ಬಂಗಾರದ ಬಣ್ಣದ ಶಿಲುಬೆ ಮುಟ್ಟಲು ಸಾಲೂ ಇರುತ್ತದೆ. ಇಳಿಯಲು ಮೊಣಕಾಲು ಸವೆಸಬೇಡಿ, ಕೇಬಲ್ ಕಾರೇ ಹಿಡಿಯಿರಿ. ಆದರೆ ಹತ್ತುವ ಮುಂಚೆ ನೋಡಿಕೊಳ್ಳಿ: ಜರ್ಮನಿ ಕಡೆಯದು ಐಬ್‌ಸೇ ಕೆರೆಗೆ ಇಳಿಯುತ್ತದೆ, ಆಸ್ಟ್ರಿಯಾದ್ದು ಎಹ್ರ್‌ವಾಲ್ಡ್ ಕಡೆಗೆ. ಎರಡಕ್ಕೂ ಟಿಕೆಟ್ ಬೇರೆ. ಕೊನೆಯ ಗಾಡಿಯ ಹೊತ್ತನ್ನು ಬೆಳಗ್ಗೆ ಹೊರಡುವಾಗಲೇ ಬರೆದಿಟ್ಟುಕೊಳ್ಳಿ.